ಚೆಂಡು ಮುಟ್ಟದವನ ಓಟಕ್ಕೆ ಮೆಹರುನ್ನಿಸ ಸಾಕ್ಷಿ

ಬೆಳಿಗ್ಗೆ ಐದೂವರೆ. ದುಬೈನ ಅಲ್ ಬರ್ಷಾದ ಕಚೇರಿಯಲ್ಲಿ ಮೆಹರುನ್ನಿಸ ಒಂದೇ ದೃಶ್ಯವನ್ನು ಹನ್ನೊಂದನೇ ಸಲ ಹಿಂದಕ್ಕೆ ಓಡಿಸುತ್ತಿದ್ದಾರೆ. ಪರದೆಯ ತುಂಬ ಮೆಲ್ಬರ್ನ್‌ನ ಕೆಸರು, ಮೊಟ್ಟೆಯಾಕಾರದ ಚೆಂಡು, ಅದರ ಹಿಂದೆ ಬಿದ್ದ ಗಂಡಸರ ಹಿಂಡು. "ಒಂದು ಗಳಿಗೆ ಬೆನ್ನು ತೋರಿಸಿ ನಿಲ್ಲಲಿಕ್ಕೆ ಇವರಿಗೆ ಎಂಥ ದಾಡಿ ಮಾರಾಯ್ರೆ?" ಎಂದು ಗೊಣಗುತ್ತಾರೆ. ಆಟಗಾರನ ನಂಬರ್ ಇರುವುದು ಅಂಗಿಯ ಬೆನ್ನ ಮೇಲೇ ತಾನೆ!

ಬಂಟ್ವಾಳದ ಬ್ಯಾರಿ ಕುಟುಂಬದ, ನಲವತ್ತೊಂದರ ಈಕೆ ಆಸ್ಟ್ರೇಲಿಯಾ ನೋಡಿಲ್ಲ. ಆದರೆ ಅಲ್ಲಿನ ಫುಟ್‌ಬಾಲ್ ಕ್ಲಬ್‌ಗಳಿಗೆ ವಿಡಿಯೊ ನೋಡಿ ಆಟದ ಲೆಕ್ಕ ಬರೆದು ಕಳಿಸುವುದೇ ಇವರ ಕೆಲಸ, ಒಂದು ಪಂದ್ಯಕ್ಕೆ ಮೂರು ಸಾವಿರ ಸಲ ಕಂಪ್ಯೂಟರಿನ ಕೀಲಿ ಒತ್ತುತ್ತಾರೆ. ಯಾರು ಒದ್ದ, ಯಾರು ಮುಷ್ಟಿಯಿಂದ ಗುದ್ದಿ ದಾಟಿಸಿದ, ಯಾರು ಚೆಂಡು ಮುಟ್ಟದೆಯೂ ಎದುರಾಳಿಯನ್ನು ಬೆನ್ನಟ್ಟಿ ಗುರಿ ಕೆಡಿಸಿದ ಎಂದು ಗುರುತು ಹಾಕಬೇಕು. ಈ ಕೊನೆಯದಕ್ಕೆ 'ಪ್ರೆಶರ್' ಎಂದು ಹೆಸರು. ಚಪ್ಪಾಳೆ ಗಿಟ್ಟದ ಈ ಓಟವನ್ನೂ ಲೆಕ್ಕ ಹಿಡಿದೇ ಕೋಚ್‌ಗಳು ಯಾರನ್ನು ಉಳಿಸಬೇಕು, ಯಾರನ್ನು ಕೈಬಿಡಬೇಕು ಎಂದು ತೀರ್ಮಾನಿಸುತ್ತಾರೆ. ಎಣಿಸುವವರು ಯಾರೆಂದು ಮಾತ್ರ ಒಬ್ಬರೂ ಕೇಳುವುದಿಲ್ಲ, ಬಿಡಿ.

ನಿನ್ನೆ ಕಳಿಸಿದ ವರದಿಯಲ್ಲಿ ಎಡವಟ್ಟಾಗಿದೆ. ಕೆಸರು ಮೆತ್ತಿ 16 ಎಂಬುದು 18ರಂತೆ ಕಂಡು, ಒಬ್ಬನ ಹದಿನಾಲ್ಕು ಪ್ರೆಶರ್ ಇನ್ನೊಬ್ಬನ ಹೆಸರಿಗೆ ಹೋಗಿವೆ. ದುಬೈನ ಏಳು ಗಂಟೆಗೆ ಅಲ್ಲಿ ಕ್ಲಬ್‌ನ ಸಭೆ. 16ರವನು ತಂಡದಲ್ಲಿ ಇರಬೇಕೇ ಬೇಡವೇ ಎಂಬುದೇ ಅಲ್ಲಿನ ಚರ್ಚೆ. ತಿದ್ದಿ ಕಳಿಸಿದರೆ ತಪ್ಪು ಮೆಹರುನ್ನಿಸರ ಹೆಸರಿಗೆ. ಈ ವರ್ಷ ಆಗಲೇ ಎರಡಾಗಿವೆ. ಮೂರಾದರೆ ಒಪ್ಪಂದ ಮುಂದುವರಿಯುವುದು ಅನುಮಾನ, ಅದರ ಜೊತೆ ವೀಸಾ ಕೂಡ. ತಪ್ಪು ಮುಚ್ಚಿಟ್ಟವರಿಗೆ ಏನೂ ಇಲ್ಲ, ಒಪ್ಪಿಕೊಂಡವರಿಗೆ ಶಿಕ್ಷೆ. ಎಂಥ ಚಂದದ ನಿಯಮ!

"ರಿಪೋರ್ಟ್ ಹೋಗಿ ಆಯ್ತಲ್ಲ ಮೇಡಂ, ಖಲಾಸ್," ಎನ್ನುತ್ತಾರೆ ಮೇಲ್ವಿಚಾರಕ ಪ್ರಿಯನ್. "ಕ್ಲಬ್‌ನವರು ಕೇಳ್ಲೇ ಇಲ್ಲ. ನೀವ್ಯಾಕೆ ಸುಮ್ಮನೆ ತಲೆ ಕೊಡ್ತೀರಿ?"

ಮೆಹರುನ್ನಿಸರಿಗೆ ರೇಗುತ್ತದೆ. "ಅವ ಓಡಿದ್ದು ಹೌದಲ್ವಾ ಪ್ರಿಯನ್? ಮೈದಾನದಲ್ಲಿ ಅಷ್ಟು ಜನ ಇದ್ದು ಯಾರೂ ನೋಡ್ಲಿಲ್ಲ. ನಾನೂ ನೋಡ್ಲಿಲ್ಲ ಅಂದ್ರೆ ಅವ ಓಡ್ಲೇ ಇಲ್ಲ ಅಂತ ಆಗ್ತದೆ."

ಆರೂ ಮುಕ್ಕಾಲಿಗೆ ತಿದ್ದಿದ ವರದಿ ಹೋಗುತ್ತದೆ. 'ತಲುಪಿದೆ' ಎಂಬ ಒಂದೇ ಪದದ ಉತ್ತರ ಬರುತ್ತದೆ. ಮೂರನೇ ತಪ್ಪು ಅಂದೇ ದಾಖಲಾಗುತ್ತದೆ, ಅದಕ್ಕೇನೂ ತಡವಾಗುವುದಿಲ್ಲ.

ಗುರುವಾರ ಕ್ಲಬ್ ತಂಡದ ಪಟ್ಟಿ ಪ್ರಕಟಿಸುತ್ತದೆ. ಅದರಲ್ಲಿ 16 ಇದೆ. ಮೆಹರುನ್ನಿಸರ ಒಪ್ಪಂದದ ಬಗ್ಗೆ ಕಚೇರಿ ಇನ್ನೂ ಬಾಯಿಬಿಟ್ಟಿಲ್ಲ.

"ನಂದು ಎಂತಾಗ್ತದೋ ಗೊತ್ತಿಲ್ಲ," ಎಂದು ಅವರು ಮುಂದಿನ ಪಂದ್ಯ ತೆರೆಯುತ್ತಾರೆ. "ಅವನದ್ದು ಸರಿ ಬರೆದಿದ್ದೇನೆ."