ಸೀತಮ್ಮನವರ ಮೀನು ಬಿಳಿಚಿದ್ದು

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೀನಿಗೆ ಕಾಯಿಲೆಯೋ ಸೌಖ್ಯವೋ ಎಂದು ನೋಡಿ ಹೇಳುವುದು ನನ್ನಿಂದಾಗದ ಕೆಲಸ. ಮೂವತ್ತು ಮಕ್ಕಳ ಮುಖ ನೋಡಿ, ಯಾರಿಗೆ ನಿಜವಾದ ಹೊಟ್ಟೆನೋವು, ಯಾರಿಗೆ ಮಗ್ಗಿ ಬಾರದ ಹೊಟ್ಟೆನೋವು ಎಂದು ಕೂತಲ್ಲೇ ಹೇಳಬಲ್ಲ ಮೇಷ್ಟ್ರು ನಾನು. ಆದರೆ ಮೀನು ನರಳುವುದಿಲ್ಲ, ನಾಲಿಗೆ ತೋರಿಸು ಎಂದರೆ ತೋರಿಸುವುದಿಲ್ಲ. ಅದು ನಿದ್ದೆ ಮಾಡುವುದೂ ಕಣ್ಣು ಬಿಟ್ಟುಕೊಂಡೇ, ಸಾಯುವುದೂ ಕಣ್ಣು ಬಿಟ್ಟುಕೊಂಡೇ. ಇವೆರಡರ ನಡುವಿನ ವ್ಯತ್ಯಾಸ ಹುಡುಕುತ್ತಾ ನಾನು ಮೂರು ತಿಂಗಳು ಒದ್ದಾಡಿದ್ದೇನೆ.

ಆಗ ನನಗೆ ಮೊಳಕಾಲ್ಮೂರಿನ ಶಾಲೆಯಲ್ಲಿ ಕೆಲಸ. ಅಮಲ್ದಾರರ ಹೆಂಡತಿ ಸೀತಮ್ಮನವರು ಹೆರಿಗೆಗೆಂದು ತವರಾದ ಚಳ್ಳಕೆರೆಗೆ ಹೊರಟರು. ಅಮಲ್ದಾರರೋ ಕಂದಾಯದ ಲೆಕ್ಕ ನೋಡುವ ಜಮಾಬಂದಿಗೆ ಊರೂರು ತಿರುಗುವವರು. ಸೀತಮ್ಮನವರ ಬಳಿ ಗಾಜಿನ ಬುರುಡೆಯಲ್ಲಿ ಒಂದು ಬಂಗಾರದ ಮೀನಿತ್ತು. ಬೆಂಗಳೂರಿನಿಂದ ರೈಲಿನಲ್ಲೂ ಎತ್ತಿನ ಗಾಡಿಯಲ್ಲೂ ಕುಲುಕಾಡಿಕೊಂಡು ಬಂದು ಬದುಕಿದ್ದ ಪ್ರಾಣಿ. ಹಿಂದಿನ ವರ್ಷ ಅವರ ಚೊಚ್ಚಲ ಕೂಸು ತೊಟ್ಟಿಲಿಗೆ ಬರುವ ಮೊದಲೇ ಹೋಗಿತ್ತು. ಆ ದಿನಗಳಲ್ಲಿ ಅವರು ಈ ಮೀನಿನ ಮುಂದೆಯೇ ಕೂತಿರುತ್ತಿದ್ದರಂತೆ. ಬುರುಡೆಯನ್ನು ನನ್ನ ಹೆಂಡತಿಯ ಕೈಗಿಟ್ಟು, "ಇದು ಚೆನ್ನಾಗಿದ್ರೆ ನನಗೊಂದು ಧೈರ್ಯ, ತಾಯಿ" ಎಂದರು. ಅಷ್ಟೇ ಮಾತು. ಅವತ್ತಿನಿಂದಲೇ ಮೀನಿನ ಕಾವಲು ನನ್ನ ಪಾಲಿಗೆ ಬಂತು.

ಪಕ್ಕದ ಮನೆಯ ತಿಪ್ಪಯ್ಯ ರೇಷ್ಮೆಗೆ ಬಣ್ಣ ಹಾಕುವವನು; ಮನೆಮಾತು ತೆಲುಗು. ಮೀನು ಬಂದ ದಿನವೇ ಬುರುಡೆಗೆ ಮೂಗು ತಾಗಿಸಿ ನೋಡಿದ. ಆ ಕಿತ್ತಳೆ ರಂಗಿಗೆ ಮನಸೋತು, ಸಂಜೆಯೊಳಗೆ ಅದೇ ಬಣ್ಣದ ಒಂದು ಲಡಿ ರೇಷ್ಮೆ ನೂಲು ಅದ್ದಿ ತಂದು ಪಕ್ಕದಲ್ಲಿ ಹಿಡಿದ. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆಮೇಲೆ ಬುರುಡೆ ಜಗಲಿಯ ಬಿಸಿಲಿನಲ್ಲಿರುವುದನ್ನು ಕಂಡು ಬೆಚ್ಚಿಬಿದ್ದ.

"ಎಂಥಾ ಕೆಲ್ಸ ಮಾಡೀರಿ ಮೇಷ್ಟ್ರೇ! ಬಿಸ್ಲಿಗಿಟ್ರೆ ರಂಗು ಉಳೀತೈತಾ? ನಾವು ನೂಲು ಒಣಗಿಸೋದೇ ನೆಳ್ಳಾಗೆ."

ರೇಷ್ಮೆಯ ಊರಿನಲ್ಲಿ ಬಣ್ಣದ ವಿಷಯಕ್ಕೆ ತಿಪ್ಪಯ್ಯನ ಮಾತೇ ಕೊನೆ. ನಾನು ಬುರುಡೆಯನ್ನು ಒಳಗಿನ ಕತ್ತಲೆ ಕೋಣೆಗೆ ಸಾಗಿಸಿ, ಮೇಲೊಂದು ಪಂಚೆ ಸುತ್ತಿದೆ. ಬುದ್ಧಿವಂತನಾದ್ದರಿಂದ ಎರಡು ಸುತ್ತು ಸುತ್ತಿದೆ.

ಅಲ್ಲಿಂದ ಶುರುವಾಯಿತು ನನ್ನ ವೈದ್ಯಗಾರಿಕೆ. ಚಳಿಯ ಬೆಳಿಗ್ಗೆ ಮೀನು ತಳದಲ್ಲಿ ಅಲ್ಲಾಡದೆ ನಿಂತಿದ್ದರೆ ನಾನು ಹೊದಿಕೆ ಹೊದ್ದುಕೊಂಡೇ ಅದರ ಮುಂದೆ ಕೂರುತ್ತಿದ್ದೆ. ಹೊತ್ತೇರಿದ ಮೇಲೆ ಅದು ಆರಾಮಾಗಿ ಸುತ್ತು ಹೊಡೆಯುತ್ತಿತ್ತು. ಚಳಿಗೆ ಮುದುರುವುದು ನಾನೊಬ್ಬನೇ ಅಲ್ಲ ಎಂದು ಆಗ ತಿಳಿಯಿತು. ಒಮ್ಮೆ ಮೇಲೆ ಬಂದು ಬಾಯಿ ಕಳೆದು ಗುಟುಕುಗುಟುಕಾಗಿ ಗಾಳಿ ಎಳೆಯಿತು. ಅದು ಮಾತ್ರ ನಿಜವಾದ ಕಷ್ಟ. ನಾನು ವಾತ್ಸಲ್ಯದಿಂದ ಹಾಕಿದ್ದ ಅನ್ನ ತಳದಲ್ಲಿ ಕೊಳೆತು ನೀರು ನಾರುತ್ತಿತ್ತು. ಬಾವಿಯ ಹೊಸ ನೀರಿಗೆ ಬಿಟ್ಟೊಡನೆ ಸರಿಹೋಯಿತು. ಇನ್ನೊಮ್ಮೆ ಕಿವಿರಿನ ಮೇಲೆ ಬಿಳಿ ಬಿಳಿ ಗುಳ್ಳೆ ಎದ್ದವು. ಸಿಡುಬಿನ ಅಮ್ಮನೇ ಬಂದಿದ್ದಾಳೆಂದು ನನ್ನಾಕೆ ಬುರುಡೆಯ ಕತ್ತಿಗೆ ಬೇವಿನ ಸೊಪ್ಪು ಕಟ್ಟಿದಳು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕಬೇಡವೆಂದು ನಾನು ಅಪ್ಪಣೆ ಮಾಡಿದೆ. ಗುಳ್ಳೆ ತಾವಾಗಿಯೇ ಹೋದವು. ಎಷ್ಟೋ ವರ್ಷದ ಮೇಲೆ ಬೆಂಗಳೂರಿನ ತೋಟದ ಮಾಲಿಯೊಬ್ಬ ಇದನ್ನು ಕೇಳಿ ನಕ್ಕುಬಿಟ್ಟ. ಗಂಡು ಮೀನಿಗೆ ಪ್ರಾಯ ಬಂದಾಗ ಕಿವಿರಿನ ಮೇಲೆ ಹಾಗೆ ಏಳುವುದು ಸಹಜವಂತೆ. ಒಂದು ಮೀನಿನ ಮೊಡವೆಗಾಗಿ ನಾವು ಒಂಬತ್ತು ದಿನ ಸಪ್ಪೆ ಸಾರು ಉಂಡಿದ್ದೆವು.

ಈ ಮಧ್ಯೆ ಚಳ್ಳಕೆರೆಯಿಂದ ವಾರಕ್ಕೊಂದು ಕಾರ್ಡು. ವಿಳಾಸ ನನ್ನಾಕೆಯದು, ಓದುವವನು ನಾನು. ಪ್ರತಿಸಲವೂ ಕೊನೆಯ ಸಾಲು ಒಂದೇ: ಮೀನು ಹೇಗಿದೆ? ನಾನು ದುಂಡಗೆ "ಸೌಖ್ಯ" ಎಂದು ಬರೆದು ಟಪ್ಪಾಲಿಗೆ ಹಾಕುತ್ತಿದ್ದೆ.

ಎರಡು ತಿಂಗಳಾಗಿರಬೇಕು, ತಿಪ್ಪಯ್ಯ ತನ್ನ ಲಡಿ ಹಿಡಿದುಕೊಂಡು ಬಂದ. ಪಂಚೆ ಸರಿಸಿ, ಲಡಿಯನ್ನು ಬುರುಡೆಗೆ ತಾಗಿಸಿ ನೋಡಿದವನ ಮುಖ ಕಪ್ಪಿಟ್ಟಿತು. "ಪೋಯಿಂದಿ," ಎಂದ ಮೆಲ್ಲಗೆ, "ರಂಗು ಪೋಯಿಂದಿ." ನಾನೂ ಬಗ್ಗಿ ನೋಡಿದೆ. ಕಿತ್ತಳೆ ಎಲ್ಲಿಯೋ ಮಾಯವಾಗಿ, ಮೀನು ಹಾಲಿನ ಕೆನೆಯ ಹಾಗಾಗಿತ್ತು. ದಿನಾ ನೋಡುವ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಅಂದೇ ಮಧ್ಯಾಹ್ನ ಕಾರ್ಡು ಬಂತು. ದಿನ ತುಂಬಿದೆ, ಮೀನು ಹೇಗಿದೆ?

ನನಗೆ ನಿಜಕ್ಕೂ ಭಯವಾಯಿತು. ಮೀನು ಸತ್ತರೆ ಸೀತಮ್ಮನವರು ಆ ಧೈರ್ಯವನ್ನು ಎಲ್ಲಿಂದ ತರಬೇಕು? ಬದುಕಿದರೂ, ಈ ಬಿಳಿ ಮೀನನ್ನು ಕಂಡು, ನಮ್ಮದು ಸತ್ತಿತು, ಮೇಷ್ಟ್ರು ಬೇರೆ ತಂದಿಟ್ಟರು ಎಂದುಕೊಂಡರೆ?

ತಿಪ್ಪಯ್ಯ ಮನೆಗೆ ಓಡಿ, ನೂಲಿಗೆ ಬಣ್ಣ ಕಚ್ಚಿಸುವ ಪಟಿಕದ ಒಂದು ತುಂಡು ತಂದ. "ಇದನ್ನ ನೀರಿಗೆ ಹಾಕ್ರಿ. ಇರೋ ರಂಗಾದ್ರೂ ಕಚ್ಕಂತೈತೆ." ಹೆದರಿದವನಿಗೆ ಯಾವುದೂ ಸರಿಯೇ. ನಾನು ಪಟಿಕ ಹಿಡಿದ ಕೈಯನ್ನು ನೀರಿನ ಮೇಲಕ್ಕೆ ಚಾಚಿಯೂ ಆಗಿತ್ತು.

ನನ್ನಾಕೆ ನನ್ನ ಮಣಿಕಟ್ಟು ಹಿಡಿದಳು. "ತಡೀರಿ. ನಮ್ಮವ್ವ ಎಮ್ಮೆ ಮೈ ನೋಡ್ತಿರ್ಲಿಲ್ಲ, ಬಾಯಿ ನೋಡ್ತಿದ್ಲು. ಮೇವು ತಿಂತೈತಾ ನೋಡಾಣ" ಎಂದು ನಾಲ್ಕು ಕಾಳು ರವೆ ಉದುರಿಸಿದಳು.

ಮೂವರೂ ಬುರುಡೆಯ ಸುತ್ತ ಬಗ್ಗಿದೆವು. ಮೀನು ಅಲ್ಲಾಡಲಿಲ್ಲ. ತುಸು ಹೊತ್ತಿಗೆ ರೆಕ್ಕೆ ಅಗಲಿಸಿ, ಬಾಲ ಬೀಸಿ, ಮೇಲೆ ಬಂದು ಒಂದೊಂದೇ ಕಾಳು ನುಂಗಿತು. ಆಮೇಲೆ ಇನ್ನೂ ಇದೆಯೇ ಎಂಬಂತೆ ನನ್ನ ಕಡೆ ತಿರುಗಿತು. ನಾನು ಇನ್ನೂ ನಾಲ್ಕು ಕಾಳು ಹಾಕಿದೆ.

ಪಟಿಕ ತಿಪ್ಪಯ್ಯನ ಸೊಂಟಕ್ಕೆ ವಾಪಸು ಹೋಯಿತು. "ಸೌಖ್ಯ" ಎಂದು ಬರೆಯಲು ಮಾತ್ರ ಕೈ ಏಳಲಿಲ್ಲ. ಇದ್ದದ್ದನ್ನೇ ಬರೆದೆ: "ಬಣ್ಣ ಕೆಡದಿರಲೆಂದು ಕತ್ತಲೆ ಕೋಣೆಯಲ್ಲಿ ಮುಚ್ಚಿಟ್ಟಿದ್ದೇವೆ. ಆದರೂ ಬೆಳ್ಳಗಾಗಿದೆ. ಊಟ ಮಾಡುತ್ತಿದೆ. ಇದೇ ಮೀನು, ದೇವರಾಣೆ."

ಮೂರು ವಾರ ಉತ್ತರವಿಲ್ಲ. ಟಪ್ಪಾಲಿನವನು ನಮ್ಮ ಬಾಗಿಲು ದಾಟಿ ಹೋದಾಗಲೆಲ್ಲ ನಾನು ಮಕ್ಕಳಿಗೆ ತಪ್ಪು ಲೆಕ್ಕ ಹೇಳಿಕೊಟ್ಟೆ. ಕೊನೆಗೆ ಒಂದು ಕಾರ್ಡು ಬಂತು, ಪೆನ್ಸಿಲಿನಲ್ಲಿ, ಅಕ್ಷರ ಸ್ವಲ್ಪ ನಡುಗಿದ್ದವು.

"ಹೆಣ್ಣು ಮಗು. ಚೆನ್ನಾಗಿ ಹಾಲು ಕುಡಿಯುತ್ತದೆ. ನನ್ನನ್ನೂ ಬಾಣಂತಿ ಕೋಣೆಯಲ್ಲಿ ಕಿಟಕಿ ಮುಚ್ಚಿ, ತಲೆಗೆ ಬಟ್ಟೆ ಸುತ್ತಿ ಮಲಗಿಸಿದ್ದಾರೆ. ನಾನೂ ಬೆಳ್ಳಗಾಗಿದ್ದೇನೆ, ನಾನೂ ಊಟ ಮಾಡುತ್ತೇನೆ. ನನ್ನನ್ನು ಇನ್ನೂ ಎರಡು ತಿಂಗಳು ಬಿಸಿಲಿಗೆ ಬಿಡುವುದಿಲ್ಲವಂತೆ. ಅದನ್ನಾದರೂ ಬಿಡಿ."

ಕೊನೆಯ ಸಾಲನ್ನು ನಾನು ಮತ್ತೊಮ್ಮೆ ಓದತೊಡಗಿದೆ. ನನ್ನಾಕೆ ಕಾಯಲಿಲ್ಲ, ಪಂಚೆಯ ಎರಡೂ ಸುತ್ತು ಬಿಚ್ಚಿದಳು. ಬುರುಡೆಯನ್ನು ಜಗಲಿಗೆ ಹೊತ್ತವನು ತಿಪ್ಪಯ್ಯನೇ. ಬಿಸಿಲು ನೀರಿಗೆ ಬೀಳುತ್ತಲೇ ಅವನು ತನ್ನ ಲಡಿಯನ್ನು ಮಾತ್ರ ಗಾಬರಿಯಿಂದ ಹೆಗಲ ಮೇಲಿನ ಕಂಬಳಿಯೊಳಗೆ ಮುಚ್ಚಿಟ್ಟುಕೊಂಡ.