ಗೋಡೆಯ ಮೇಲಿನ ಅಡ್ಡಕೊಕ್ಕು

ಕಾಂಪೌಂಡ್ ಗೋಡೆ ಕಾಯಲು ದೇವರನ್ನು ನಿಲ್ಲಿಸುವುದು ನನಗೆ ಒಗ್ಗದು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ, ದಾರಿಹೋಕರು ಗೋಡೆಗೆ ಮುಖಮಾಡಿ ನಿಲ್ಲದಿರಲೆಂದು ಎಲ್ಲರೂ ವೆಂಕಟರಮಣನ ಟೈಲ್ಸ್ ಹಾಕಿಸಿದ್ದಾರೆ. ತಿರುಪತಿಯಲ್ಲಿ ಕ್ಯೂ ನಿಂತು ನೋಡುವ ದೇವರಿಗೆ ಇಲ್ಲಿ ಇಂಥ ಪಹರೆಯೇ? ನಾನು ಹಕ್ಕಿ ಬರೆಸಿದೆ.

ಟಿ.ವಿ.ಯಲ್ಲಿ ನೋಡಿದ ಹಕ್ಕಿ ಅದು. ಅಮೆರಿಕದ ಒಂದೆರಡು ಸಣ್ಣ ಬೆಟ್ಟಸಾಲು ಬಿಟ್ಟರೆ ಬೇರೆಲ್ಲೂ ಇರದ ಫಿಂಚ್. ನಮ್ಮ ರಾಗಿ ತೆನೆಗೆ ಮುತ್ತುವ ರಾಟವಾಳದ ದೂರದ ನೆಂಟ ಎನ್ನಬಹುದು. ಅದರ ಕೊಕ್ಕಿನ ಮೇಲ್ತುದಿ ಒಂದು ಕಡೆಗೆ, ಕೆಳತುದಿ ಇನ್ನೊಂದು ಕಡೆಗೆ ಕತ್ತರಿಯಂತೆ ದಾಟಿಕೊಂಡಿರುತ್ತದೆ. ಅಲ್ಲಿನ ಪೈನ್ ಮರದ ಕಾಯಿ ಬಲು ಗಟ್ಟಿ, ಮೈಯೆಲ್ಲ ಪದರ ಪದರ. ಈ ಕೊಕ್ಕು ತೂರಿಸಿ ಪದರ ಅಗಲಿಸಿದರಷ್ಟೇ ಬೀಜ. ಬಾಗಿಲಲ್ಲಿ ಬಿಟ್ಟ ಚಪ್ಪಲಿಯೂ ಗೋಡೆಗೆ ಸಮನಾಗಿರಬೇಕೆನ್ನುವ ನನಗೆ ಆ ಓರೆ ಏಕೋ ಹಿಡಿಸಿಬಿಟ್ಟಿತು.

ಬೋರ್ಡ್ ಬರೆಯುವ ಶಿವಣ್ಣ ಚೆನ್ನಾಗಿಯೇ ಬರೆದ. ನಾನು ಸಂಜೆಯ ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಕೊಕ್ಕು ನೆಟ್ಟಗಾಗಿತ್ತು.

"ಏನಪ್ಪಾ ಇದು?"

"ಬೀದೀಲಿ ಹೋಗೋರೆಲ್ಲ ನಗ್ತಾವ್ರೆ ಸಾರ್. 'ಲೇ ಶಿವಣ್ಣ, ಎಣ್ಣೆ ಹಾಕ್ಬಿಟ್ಟು ಬರ್ದ್ಯಾ' ಅಂತಾರೆ. ನನ್ ಹೆಸ್ರು ಕೆಡಲ್ವಾ? ನೀಟಾಗಿ ಮಾಡ್ಬಿಟ್ಟೆ."

ನೀಟಂತೆ. ನನಗೆ ಮೈಯೆಲ್ಲ ಉರಿಯಿತು. ನೆಟ್ಟಗಿನ ಕೊಕ್ಕಿನಿಂದ ಆ ಹಕ್ಕಿ ಒಂದು ಕಾಯನ್ನೂ ಬಿಡಿಸಲಾರದು. ಬೀದಿಯವರ ಕಣ್ಣಿಗೆ ಸರಿಕಾಣಲೆಂದು ಅದು ಉಪವಾಸ ಬೀಳಬೇಕೆ? ಬಣ್ಣದ ಹಕ್ಕಿಗಾಗಿ ಇಷ್ಟೊಂದು ಸಿಟ್ಟೇ ಎಂದು ಹೆಂಡತಿ ಕೇಳಿದಳು. ಹೌದು. ಎಡಗೈಯಲ್ಲಿ ಬರೆಯುತ್ತಿದ್ದ ನನ್ನ ತಂಗಿಯನ್ನೂ ಶಾಲೆಯಲ್ಲಿ ಹೀಗೆಯೇ ನೀಟು ಮಾಡಿದ್ದರು. ಅವಳ ಅಕ್ಷರ ಮತ್ತೆ ಚೆಂದವಾಗಲೇ ಇಲ್ಲ. ಈಗಲೂ ಅವಳು ಸಹಿ ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಳ್ಳುತ್ತೇನೆ.

ಮರುದಿನ ಶಿವಣ್ಣನನ್ನು ಕರೆಸಿ ಕೊಕ್ಕನ್ನು ಮತ್ತೆ ಓರೆ ಮಾಡಿಸಿದೆ. ಪಕ್ಕದಲ್ಲೇ ಒಂದು ಪೈನ್ ಕಾಯಿಯನ್ನೂ ಬರೆಸಿದೆ; ಕಾಯಿ ಕಂಡರಾದರೂ ಕೊಕ್ಕು ಅರ್ಥವಾದೀತು ಎಂದು.

ಬಣ್ಣ ಒಣಗುವ ಮುಂಚೆಯೇ ಡೇರಿಗೆ ಹಾಲು ಹಾಕಿ ಬರುತ್ತಿದ್ದ ಇಬ್ಬರು ಹೆಂಗಸರು ಗೋಡೆಯ ಮುಂದೆ ನಿಂತರು.

"ಇದ್ಯಾವ ಹಕ್ಕಿ ಅಕ್ಕಾ, ಕೊಕ್ಕು ಸೊಟ್ಟಗೈತೆ?"

"ಸೀತಾಫಲ ತಿನ್ನೋ ಹಕ್ಕಿ ಕಣೇ. ಪಕ್ದಾಗೆ ಕಾಣಲ್ವಾ ಹಣ್ಣು? ಅದನ್ನ ಬಿಡಿಸೋಕೆ ಕೊಕ್ಕು ಹಂಗೆ ಇರಬೇಕು."

ಸೀತಾಫಲ. ತಿದ್ದಲೇಬೇಕೆಂದು ಗೇಟಿನವರೆಗೆ ಹೋದೆ. ಚಿಲಕದ ಮೇಲೆ ಕೈಯಿಟ್ಟವನು ಹಾಗೆಯೇ ನಿಂತೆ. ಹಣ್ಣು ತಪ್ಪಿದ್ದರೂ ಕೊಕ್ಕು ಉಳಿದಿತ್ತು. ಹಕ್ಕಿಯಂತೂ ಇನ್ನು ಉಪವಾಸವಿಲ್ಲ.