ತಾಳೆ ನೋಡದ ವಾರಗಳು

ನನ್ನ ಷಡ್ಡಕನಿಗೆ ಆಫೀಸಿನವರು ಇಟ್ಟ ಹೆಸರು ಶಿಸ್ತಪ್ಪ. ನಮ್ಮ ಮನೆಗೆ ಊಟಕ್ಕೆ ಬಂದರೂ ಬಾಗಿಲಲ್ಲಿ ಬಿಟ್ಟ ಎಲ್ಲರ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿಯೇ ಒಳಗೆ ಕಾಲಿಡುವ ಆಸಾಮಿ. ಜಗತ್ತು ತನ್ನ ಹೆಗಲ ಮೇಲೆ ನಿಂತಿದೆ ಎಂಬುದು ಅವನ ನಂಬಿಕೆ. ನಾವು ಯಾರೂ ಅಡ್ಡಿ ಮಾಡಲಿಲ್ಲ. ಹೆಗಲು ಹೇಗೂ ಅವನದೇ.

ಆಸ್ಪತ್ರೆಗಳ ಪರವಾಗಿ ರೋಗಿಗಳ ವಿವರ ಇಟ್ಟುಕೊಂಡು, “ನಾಳೆ ತಪಾಸಣೆಗೆ ಬನ್ನಿ” ಎಂದು ಫೋನಿಗೆ ಸಂದೇಶ ಕಳಿಸುವ ಕಂಪನಿ ಅವನದು. ಲಕ್ಷಾಂತರ ಜನ ಒಂದೇ ಯಂತ್ರದಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಹಲವು ಸರ್ವರ್‌ಗಳು, ಒಬ್ಬೊಬ್ಬರ ವಿವರಕ್ಕೂ ಮೂರು ಪ್ರತಿ. ಒಂದು ಕೈಕೊಟ್ಟರೆ ಉಳಿದೆರಡು ಸಂಸಾರ ತೂಗಿಸುತ್ತವೆ. ಆದರೆ ಮೂರೂ ಒಂದೇ ಮಾತಾಡುತ್ತವೆಂಬ ಖಾತ್ರಿಯಿಲ್ಲ. ವಾರಕ್ಕೊಮ್ಮೆ ಎದುರುಬದುರು ಕೂರಿಸಿ ತಾಳೆ ನೋಡಬೇಕು. ಆ ಹೊತ್ತು ಕೆಲಸವೆಲ್ಲ ಕುಂಟುತ್ತದೆ.

ಇನ್ನೊಂದು ವಿಚಿತ್ರವಿದೆ. ಸತ್ತವರ ಹೆಸರನ್ನು ಅಲ್ಲಿ ಅಳಿಸಿದರೂ ಅದು ತಕ್ಷಣ ಅಳಿಯುವುದಿಲ್ಲ. ‘ಇದು ಹೋಯಿತು’ ಎಂದು ಒಂದು ಗುರುತು ಬೀಳುತ್ತದೆ. ಕೆಲವು ದಿನ ಬಿಟ್ಟು ಹೆಸರೂ ಗುರುತೂ ಒಟ್ಟಿಗೆ ಗುಡಿಸಿಹೋಗುತ್ತವೆ. ಅಷ್ಟರೊಳಗೆ ಮೂರು ಯಂತ್ರಕ್ಕೂ ಸುದ್ದಿ ಮುಟ್ಟಿರಬೇಕು. ಕೆಟ್ಟು ಮಲಗಿದ್ದ ಯಂತ್ರವೊಂದು ತಡವಾಗಿ ಎದ್ದರೆ, “ಅಯ್ಯೋ, ಇದು ನಿಮ್ಮತ್ರ ಇಲ್ವಾ? ತಗೊಳ್ಳಿ” ಎಂದು ಸತ್ತವರನ್ನು ಉಳಿದವಕ್ಕೂ ಹಂಚಿಬಿಡುತ್ತದೆ. ಅಂಥದ್ದನ್ನು ಪೂರ್ತಿ ಖಾಲಿ ಮಾಡಿಯೇ ಒಳಗೆ ಬಿಟ್ಟುಕೊಳ್ಳಬೇಕು. ಈ ನಿಯಮ ಮಾಡಿದವನೂ ಶಿಸ್ತಪ್ಪನೇ.

ಅವನ ಅಮ್ಮ ತೀರಿಕೊಂಡಾಗ ಅಪ್ಪನಿಗೆ ಆಗಲೇ ಮರೆವು ಹತ್ತಿತ್ತು. ಹೆಂಡತಿ ಎಲ್ಲೆಂದು ಕೇಳುವರು. ಹೇಳಿದರೆ ಆಗಷ್ಟೇ ಸುದ್ದಿ ಕೇಳಿದವರಂತೆ ಕುಸಿಯುವರು. ಅಪ್ಪನ ಫೋನಿಗೆ ಆಕೆಯ ತಪಾಸಣೆಯ ಸಂದೇಶ ಬಂದ ದಿನವಂತೂ ಮನೆಯಲ್ಲಿ ಮತ್ತೊಂದು ಸಾವು. ಶಿಸ್ತಪ್ಪ ಅಮ್ಮನ ಹೆಸರನ್ನು ಕೈಯಾರೆ ಅಳಿಸಿದ. ಸಂದೇಶ ನಿಂತಿತು. ಕೆಲವು ವಾರಗಳಲ್ಲಿ ಅಪ್ಪ ಕೇಳುವುದನ್ನೂ ಬಿಟ್ಟರು. ಮಲಗಿದ ಮಗುವಿನ ಸುತ್ತ ಓಡಾಡುವವರ ಹಾಗೆ ಮನೆಯವರೆಲ್ಲ ಆ ನೆಮ್ಮದಿಯ ಸುತ್ತ ಕಾಲು ಸದ್ದಾಗದಂತೆ ಓಡಾಡುತ್ತಿದ್ದರು.

ಅಮ್ಮನ ಹೆಸರು ಅಳಿಸುವ ಮುಂಚೆಯೇ ಒಂದು ಸರ್ವರ್ ಕೆಟ್ಟು ಮಲಗಿತ್ತು. ಬಿಡಿಭಾಗ ಬರಬೇಕಿತ್ತು. ಅದೇ ಹೊತ್ತಿಗೆ ಮ್ಯಾನೇಜರು ಕರೆಸಿದರು.

“ಏನ್ರೀ ಶಿಸ್ತಪ್ನೋರೆ, ನಿಮ್ಮ ತಾಳೆ ಸ್ವಲ್ಪ ದಿನ ನಿಲ್ಸಿದ್ರೆ ಭೂಮಿ ಬಾಯಿ ಬಿಡುತ್ತಾ?”

“ಬಿಡಬಹುದು ಸಾರ್.”

“ಬಿಟ್ರೆ ನೋಡ್ಕೊಳ್ಳೋಣ. ದೊಡ್ಡ ಆಸ್ಪತ್ರೆಯವರು ನಮ್ಮ ಸ್ಪೀಡು ನೋಡೋಕೆ ಬರ್ತಿದಾರೆ. ಅವರೆದ್ರು ಕುಂಟಿದ್ರೆ ನನ್ನ ಮಾನ ಹೋಗುತ್ತೆ.”

ತಾಳೆ ನಿಂತಿತು. ವಾರಗಳು ಕಳೆದು, ಅಳಿಸಿದ ಹೆಸರುಗಳ ಗುರುತೂ ಗುಡಿಸಿಹೋದ ಮೇಲೆ ಬಿಡಿಭಾಗ ಬಂತು. ಖಾಲಿ ಮಾಡಿ ತುಂಬಿಸಲು ಇಡೀ ದಿನ ಬೇಕೆಂದ ಶಿಸ್ತಪ್ಪ.

“ಖಾಲಿ ಗೀಲಿ ಏನೂ ಬೇಡ, ಸುಮ್ನೆ ಸೇರಿಸ್ರೀ. ನಿಮ್ಮಂಥ ಎಕ್ಸ್‌ಪರ್ಟ್ ಪಕ್ಕದಲ್ಲಿರೋವಾಗ ಅದೇನಾಗುತ್ತೆ?”

ಎಕ್ಸ್‌ಪರ್ಟ್! ಇಷ್ಟು ವರ್ಷದಲ್ಲಿ ಯಾರೂ ಅನ್ನದ ಮಾತು. ಶಿಸ್ತಪ್ಪ ಸ್ವಲ್ಪ ಉಬ್ಬಿದ, ಸ್ವಲ್ಪ ಹೆದರಿದ, ಸೇರಿಸಿದ.

ಮರುದಿನ ಬೆಳಿಗ್ಗೆ ಊರಿನ ಎಷ್ಟೋ ಮನೆಗಳ ಸತ್ತವರಿಗೆ ತಪಾಸಣೆಯ ಕರೆ ಹೋಯಿತು. ಆಫೀಸಿನಲ್ಲಿ ಫೋನುಗಳು ಬಾಯಿ ಬಡಿದುಕೊಳ್ಳುತ್ತಿರುವಾಗ ಅವನ ಹೆಂಡತಿಯದೂ ಬಂತು.

“ರೀ, ಮಾವ ಶೂ ಹಾಕ್ಕೊಂಡು ಅತ್ತೆ ಫೈಲು ಹಿಡ್ಕೊಂಡು ಬಾಗ್ಲಲ್ಲಿ ಕೂತಿದಾರೆ. ನನ್ ಕೈಲಿ ಇನ್ನೊಂದ್ಸಲ ಹೇಳೋಕಾಗಲ್ಲ. ನೀವೇ ಬಂದು ಹೇಳಿ.”

ಹೇಳಲೆಂದೇ ಓಡಿ ಬಂದ. ಅಪ್ಪನ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ಗೆಲುವು.

“ಎಷ್ಟೊತ್ತೋ ಮಾರಾಯ! ಅವಳು ಮುಂದೆ ಹೋಗಿರ್ಬೇಕು. ನಡಿ ನಡಿ.”

ಶಿಸ್ತಪ್ಪ ಕಾರಿನ ಬೀಗದ ಕೈ ತೆಗೆದುಕೊಂಡ. ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಏನೋ ಸಬೂಬು ಹೇಳಿ ಕರೆತಂದರಾಯಿತು ಎಂದುಕೊಂಡನಂತೆ. ಆಸ್ಪತ್ರೆಯವರ ಪರದೆಗೂ ತನ್ನ ಸರ್ವರ್‌ನಿಂದಲೇ ಹೆಸರು ಹೋಗುತ್ತದೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಕೌಂಟರಿನ ಹುಡುಗಿ ಪರದೆ ನೋಡಿ ಅಮ್ಮನ ಹೆಸರು ಕೂಗಿದಳು.

“ಬಂದ್ವಮ್ಮಾ!” ಎಂದು ಅಪ್ಪ ಎದ್ದರು. ಎದ್ದವರು ಕೌಂಟರಿಗೆ ಹೋಗದೆ, ಬೆಂಚುಗಳ ಮೇಲೆ ಕೂತಿದ್ದ ಹೆಂಗಸರತ್ತ ನಡೆದರು. ಒಬ್ಬೊಬ್ಬರ ಮುಂದೆಯೂ ನಿಂತು, ಬಗ್ಗಿ, ಮುಖ ನೋಡತೊಡಗಿದರು. ಹುಡುಗಿ ಎರಡನೇ ಸಲ ಕೂಗಿದಳು. “ಬಂದ್ಲು, ಇಲ್ಲೇ ಇದಾಳೆ” ಎಂದು ಅಪ್ಪ ಮುಂದಿನ ಬೆಂಚಿಗೆ ಸರಿದರು.

ಶಿಸ್ತಪ್ಪ ಅವರ ತೋಳು ಹಿಡಿದ. ಅಷ್ಟು ಜನರೆದುರು, ಅಲ್ಲೇ, ಹೇಳಬೇಕಾಯಿತು.